ನಿಲುಗಡೆ ಆರು

ಹುಬ್ಬಳ್ಳಿಯ ಉಣಕಲ್ ಕೆರೆಯ ಮಗ್ಗುಲಲ್ಲಿ ಕೆರೆನೋಟ ಎಂಬ ಹನ್ನೊಂದು ಮಹಡಿಯ ಅಪಾರ್ಟ್‌ಮೆಂಟು. ಅದರ ಲಿಫ್ಟಿಗೆ ಇಪ್ಪತ್ತೈದು ತುಂಬಿದ ವರ್ಷ, ಅಂದರೆ ೨೦೫೯ರಲ್ಲಿ, ಅದಕ್ಕೆ ಅರಳುಮರಳು ಶುರುವಾಗಿದೆ ಎಂದು ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವಳು ಮೂರನೆಯ ಮಹಡಿಯ ಕಸ್ತೂರಿ ಕೊಪ್ಪದ. ಅವಳ ದೂರು ಒಂದೆರಡಲ್ಲ. ಐದನೆಯ ಮಹಡಿ ದಾಟುವಾಗ ಲಿಫ್ಟು ಸಣ್ಣಗೆ ನಡುಗುತ್ತದೆ. ಮಳೆಗಾಲದಲ್ಲಿ ಬಾಗಿಲು ಕಿರುಗುಟ್ಟುತ್ತದೆ. ಯಾರೂ ಕರೆಯದಿದ್ದರೂ ಚಹಾದ ಹೊತ್ತಿಗೆ ಬಂದು ಬಾಯಿ ತೆರೆದು ನಿಲ್ಲುತ್ತದೆ, ಮತ್ತೆ ತಾನೇ ಮುಚ್ಚಿಕೊಂಡು ಹೋಗುತ್ತದೆ. ಹಗ್ಗದ ಎಳೆಗಳು ಬಿಚ್ಚಿಕೊಂಡಿವೆ ಎಂದು ಇನ್ಸ್‌ಪೆಕ್ಟರು ಎರಡು ಸಲ ಬರೆದು ಹೋಗಿದ್ದಾರೆ. ಇಂಥದ್ದನ್ನು ನಂಬಿ ಮೊಮ್ಮಕ್ಕಳನ್ನು ಕಳಿಸಬೇಕೇನು ಎಂದು ಅವಳು ಕೇಳಿದಳು. ದೂರು ಹೇಳಿದವರ ತಲೆಗೇ ಕೆಲಸ ಕಟ್ಟುವುದು ಇಂಥ ಸಂಘಗಳ ಪದ್ಧತಿ. ಲಿಫ್ಟು ಹೊಸದು ಮಾಡುವ ಯೋಜನೆ, ಅಂದಾಜುಪತ್ರ, ಓಡಾಟ ಎಲ್ಲ ಕಸ್ತೂರಿಯ ಪಾಲಿಗೇ ಬಂತು.

ಅವಳಿಗೆ ಅದು ಬೇಡವಾಗಿಯೂ ಇರಲಿಲ್ಲ. ನೀರು ಸರಬರಾಜಿನ ದೂರು ಕಚೇರಿಯಲ್ಲಿ ಇಪ್ಪತ್ತು ವರ್ಷ ಸಂಜೆ ಪಾಳಿ ಮಾಡಿ ನಿವೃತ್ತಳಾದವಳು ಅವಳು. ಜನರ ಗೋಳು ಕೇಳಿ, ಅದನ್ನು ಸಾಲಾಗಿ ಹಚ್ಚಿ, ಯಾವುದು ಈ ವರ್ಷ ಯಾವುದು ಮುಂದಿನ ವರ್ಷ ಎಂದು ಹೇಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ನಿಜ ಹೇಳಬೇಕೆಂದರೆ ಈ ಕೆಲಸ ಅವಳ ಗಂಡ ಮಹಾಂತೇಶನಿಗೆ ಹೋಗಬೇಕಿತ್ತು, ಆ ಲಿಫ್ಟಿಗೆ ಇಪ್ಪತ್ತು ವರ್ಷ ಎಣ್ಣೆ ಹಾಕಿದ ಮೆಕ್ಯಾನಿಕ್ಕು ಅವನೇ. ಆದರೆ ಅಧ್ಯಕ್ಷರು ಒಪ್ಪಲಿಲ್ಲ.

"ಮಹಾಂತೇಶಗ ಆ ಲಿಫ್ಟಂದ್ರ ಮಗಾ ಇದ್ದಂಗ. ಅಂವ ಒಂದು ನಟ್ಟು ಸೈತ ಬಿಚ್ಚಾಕ ಬಿಡಂಗಿಲ್ಲ. ಕಸ್ತೂರಕ್ಕಾರ ಕೈಯಾಗ ಕತ್ತರಿ ಕೊಡೂಣು" ಎಂದರು.

ಕತ್ತರಿ ಕೊಟ್ಟರು. ಆ ಕತ್ತರಿಗೆ ಇಪ್ಪತ್ಮೂರು ವರ್ಷದ ಹಳೆಯ ಉರಿಯೊಂದು ಕಾದು ಕುಳಿತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಉರಿಯ ಹೆಸರು ಸುಹಾಸಿನಿ. ಮೈಸೂರಿನ ಕಡೆಯಿಂದ ಬಂದು ಆರನೆಯ ಮಹಡಿಯಲ್ಲಿ ಒಬ್ಬಳೇ ಇದ್ದವಳು, ಒಂದು ಕಾಲಕ್ಕೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವಳು. ಲಿಫ್ಟು ಕೊಂಡಾಗ ಕಾರ್ಖಾನೆಯಿಂದ ಬಂದ ದನಿ "ಅತ್ತನೇ ಮಾಡಿ" ಎನ್ನುತ್ತಿತ್ತು. ಹತ್ತನೆಯ ಮಹಡಿಯವರು ಬೇಸರಪಟ್ಟುಕೊಂಡರು. ೨೦೩೬ರಲ್ಲಿ ಮಹಾಂತೇಶ ಸುಹಾಸಿನಿಯನ್ನು ಕೇಳಿ, ತಾರಸಿಯ ಮಷೀನ್ ರೂಮಿನಲ್ಲಿ ಮೂರು ಮಧ್ಯಾಹ್ನ ಕುಳ್ಳಿರಿಸಿ, ಎಲ್ಲ ಮಹಡಿಗಳ ಹೆಸರನ್ನೂ ಅವಳ ದನಿಯಲ್ಲಿ ಹಿಡಿದು ಲಿಫ್ಟಿಗೆ ಹಾಕಿದ. ಮೂರನೆಯ ದಿನ ಮನೆಗೆ ಬಂದವನೇ, "ಏನ್ ದನಿ ಅಂತಿ ಅಕೀದು, ಬೆಲ್ಲದ ಪಾಕ" ಎಂದ. ಕಸ್ತೂರಿ ಆಗ ಬದನೆಕಾಯಿ ಹೆಚ್ಚುತ್ತಿದ್ದಳು. ಬದನೆಕಾಯಿ ಹೆಚ್ಚಿ ಮುಗಿಯಿತು, ಆ ಮಾತು ಮುಗಿಯಲಿಲ್ಲ. ಅಂದಿನಿಂದ ಹಾಲಿಗೆ ಹೋಗಲಿ, ಆಫೀಸಿಗೆ ಹೋಗಲಿ, ಮಗಳ ಬಾಣಂತನಕ್ಕೆ ಆಸ್ಪತ್ರೆಗೆ ಓಡಲಿ, ದಿನಕ್ಕೆ ನಾಲ್ಕು ಸಲ ಆ ಬೆಲ್ಲದ ಪಾಕ ಅವಳ ಕಿವಿಗೆ ಬೀಳುತ್ತಲೇ ಇತ್ತು.

ಗೋಕುಲ ರಸ್ತೆಯಲ್ಲಿ ಲಿಫ್ಟು ಕಂಪನಿಯ ಕಂಟ್ರೋಲ್ ರೂಮು. ಗೋಡೆ ತುಂಬ ಪರದೆ, ಪರದೆ ತುಂಬ ಊರಿನ ಲಿಫ್ಟುಗಳು ಸಣ್ಣ ಹಸಿರು ಚುಕ್ಕಿಗಳಾಗಿ ಏರಿಳಿಯುತ್ತಿದ್ದವು. ಕೆರೆನೋಟದ ಕೆಲಸ ನೋಡುವವಳು ಝೀನತ್ ನದಾಫ ಎಂಬ ಇಂಜಿನಿಯರು. ಮೂವತ್ತರ ಆಸುಪಾಸಿನ ಹುಡುಗಿ, ಮಾತು ಚುರುಕು.

"ಹಗ್ಗ, ಗಾಲಿ, ಬ್ರೇಕು ಈ ವರ್ಷ. ಬಾಗಿಲು ಮುಂದಿನ ವರ್ಷ. ಅದಕ್ಕ ನಿಮ್ಮ ಫಂಡು ಸಾಕಾಗತೈತ್ರಿ ಮೇಡಂ. ತಕರಾರು ಇರೂದು ಮಿದುಳಿಂದು" ಎಂದಳು ಝೀನತ್.

ಮಿದುಳು ಎಂದರೆ ಲಿಫ್ಟನ್ನು ನಡೆಸುವ ಪೆಟ್ಟಿಗೆ. ೨೦೩೦ರ ದಶಕದ ಲಿಫ್ಟುಗಳು ಜನರನ್ನು ನೋಡಿ ಕಲಿಯುತ್ತಿದ್ದವು. ನೆಲಹಲಗೆಯ ಕೆಳಗೆ ತೂಕದ ತಟ್ಟೆ, ಜನ ಒತ್ತುವ ಗುಂಡಿ, ಒಂದು ಗಡಿಯಾರ. ಇಷ್ಟನ್ನೇ ಇಟ್ಟುಕೊಂಡು ಯಾವ ಹೊತ್ತಿಗೆ ಎಲ್ಲಿಂದ ಯಾರು ಬರುತ್ತಾರೆ, ಅವರು ದಾಪುಗಾಲಿನವರೋ ಕೋಲು ಊರುವವರೋ ಎಂದು ವರ್ಷಾನುಗಟ್ಟಲೆ ಗಮನಿಸಿ, ಕರೆಯುವ ಮೊದಲೇ ಹೋಗಿ ಬಾಗಿಲು ತೆರೆದು ಬೇಕಾದಷ್ಟು ಹೊತ್ತು ಕಾಯುತ್ತಿದ್ದವು. ಹೀಗೆ ಕಲಿತ ಒಂದೊಂದಕ್ಕೂ ಕಂಪನಿಯವರು ರೂಢಿ ಎನ್ನುತ್ತಿದ್ದರು. ಹಳೆಯ ಮಿದುಳು ತೆಗೆದು ಹೊಸದು ಹಾಕುವಾಗ ರೂಢಿಗಳನ್ನು ಹೊಸದಕ್ಕೆ ದಾಟಿಸಬಹುದು. ಆದರೆ ದಾಟಿಸಿದ ಪ್ರತಿಯೊಂದನ್ನೂ ಸರಕಾರದ ಇನ್ಸ್‌ಪೆಕ್ಟರು ನಿಂತು ಪರೀಕ್ಷೆ ಮಾಡಬೇಕು, ಅದಕ್ಕೆ ಫೀ ಕಟ್ಟಬೇಕು.

"ನಿಮ್ಮ ಲಿಫ್ಟು ಅರವತ್ತೇಳು ರೂಢಿ ಕಲ್ತೈತಿ. ನಿಮ್ಮ ಫಂಡಿನಾಗ ಇಪ್ಪತ್ನಾಲ್ಕು ದಾಟಸಾಕ ಬರ್ತೈತಿ. ಉಳಿದ ನಲವತ್ಮೂರು ನೀವ ಕಡೀಬೇಕು."

"ಯಾರ್ಯಾರದು ಅಂತ ಹೆಸರು ಇರ್ತಾವೇನು?"

"ಇಲ್ರಿ, ಕಾನೂನು ಬಿಡಂಗಿಲ್ಲ. ನಿಲುಗಡೆ, ಹೊತ್ತು, ಎಷ್ಟು ಸೆಕೆಂಡು ಕಾಯ್ತೈತಿ, ಹೆಂಗ ಕಲ್ತಿತು, ಅಷ್ಟ. ಪೂರ್ತಿ ಪಟ್ಟಿ ನೀವೊಬ್ಬರ ನೋಡಬೇಕು. ಮನ್ಯಾಗ ಸೈತ ತೋರಸಂಗಿಲ್ಲ. ಉಳಿಸಿದ್ದನ್ನ ಅಷ್ಟ ಬೋರ್ಡಿಗೆ ಹಚ್ಚೂದು." ಝೀನತ್ ಕಾಗದದ ಮೇಲೆ ಅವಳ ಸಹಿ ತೆಗೆದುಕೊಂಡಳು. "ಒಂದು ಮಾತು ಮೇಡಂ. ಹಳೇ ಮಿದುಳನ್ನ ಅಳಿಸಿದ ಮ್ಯಾಲೆ ಅದು ಹೋತು. ಹೊಸಾದು ಕೈಲೆ ಬರದದ್ದು ಕೇಳಂಗಿಲ್ಲ. ನೂರು ದಿನ ಒಂದ ಹೊತ್ತಿಗೆ ಒಂದ ಕೆಲಸ ಮಾಡಿದ್ರ ಅಷ್ಟ ಕಲೀತೈತಿ. ಅದಕ್ಕ ನಿಗಾ ಕೊಟ್ಟು ನೋಡ್ರಿ."

ಕಸ್ತೂರಿ ನಿಗಾ ಕೊಟ್ಟೇ ನೋಡಿದಳು. ಮರುದಿನ ಮಹಾಂತೇಶ ಸಂತೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಊಟದ ಟೇಬಲ್ಲಿನ ಮೇಲೆ ಪಟ್ಟಿ ಹರವಿ, ಕೆಂಪು ಪೆನ್ನು ಹಿಡಿದು ಕುಳಿತಳು. ಪಟ್ಟಿಯ ಮೊದಲ ಕಾಲಮ್ಮಿನಲ್ಲಿ ನಿ. ೧, ನಿ. ೨ ಎಂದು ಹನ್ನೊಂದರವರೆಗೆ ಇತ್ತು. ಕೆರೆನೋಟಕ್ಕೂ ಹನ್ನೊಂದೇ ಮಹಡಿ. ಲಿಫ್ಟು ನಿಲ್ಲುವುದು ಮಹಡಿಯಲ್ಲಿ, ಅದರಲ್ಲಿ ಕೇಳುವುದೇನಿದೆ ಎಂದು ಅವಳು ಕೇಳಲಿಲ್ಲ.

ಓದುತ್ತ ಹೋದ ಹಾಗೆ ಅವಳಿಗೆ ಇಡೀ ಕಟ್ಟಡದ ಗುಟ್ಟು ಕೈಗೆ ಸಿಕ್ಕಂತಾಯಿತು. ನಿ. ೭ರಲ್ಲಿ ಬೆಳಗಿನ ಐದೂ ಇಪ್ಪತ್ತಕ್ಕೆ ಯಾರೋ ಇಳಿದು ಹೋಗುತ್ತಾರೆ. ಏಳನೆಯ ಮಹಡಿಯ ಹಂಚಿನಾಳ ದಂಪತಿಗಳೋ, ಒಂಬತ್ತರ ತನಕ ಮುಸುಕು ತೆಗೆಯುವವರಲ್ಲ. ಹಾಗಿದ್ದರೆ ಆ ಹೊತ್ತಿಗೆ ಕದ್ದು ಹೋಗುವವರು ಯಾರು? ಕಸ್ತೂರಿ ಹುಬ್ಬು ಹಾರಿಸಿದಳು. ನಿ. ೩ರ ಮುಂದೆ ಇಪ್ಪತ್ತು ಸಾಲು. ತನ್ನದೇ ಮಹಡಿ. ಎದುರುಮನೆಯ ಕುಲಕರ್ಣಿಯವರ ಸಂಸಾರ ದೊಡ್ಡದು, ಅವರದ್ದೇ ಇರಬೇಕು ಅಂದುಕೊಂಡಳು. ತನ್ನದು ಯಾವುದು ಎಂದು ಮೂರು ಸಲ ಹುಡುಕಿದಳು. ಅವಳು ಹೋಗಿಬರುತ್ತಿದ್ದ ಹೊತ್ತಿನದು ಅಲ್ಲಿ ಒಂದೂ ಇರಲಿಲ್ಲ. ಇಪ್ಪತ್ತು ವರ್ಷ ತಪ್ಪದೆ ಏರಿಳಿದ ತನ್ನ ಕಾಲುಗಳನ್ನು ಈ ಹಾಳು ಲಿಫ್ಟು ಲೆಕ್ಕಕ್ಕೇ ಇಟ್ಟಿಲ್ಲವಲ್ಲ ಎಂದು ಅವಳಿಗೆ ಸಣ್ಣಗೆ ಚುಚ್ಚಿತು. ಕುಲಕರ್ಣಿಯವರ ಮೇಲೂ ಹೊಟ್ಟೆಕಿಚ್ಚಾಯಿತು.

ಆಮೇಲೆ ಮೂವತ್ತೊಂದನೆಯ ಸಾಲು ಬಂತು.

ನಿ. ೬. ಸಂಜೆ ೪:೪೦. ಬಾಗಿಲು ತೆರೆದು ಕಾಯುವುದು ೪೦ ಸೆಕೆಂಡು. ಕೈನಮೂದು: ಮ. ಕೊ., ೨೦೩೬.

ಉಳಿದ ಅರವತ್ತಾರು ಸಾಲಿನ ಮುಂದೆಯೂ 'ತಾನೇ ಕಲಿತದ್ದು' ಎಂದಿತ್ತು. ಇದೊಂದನ್ನು ಮಾತ್ರ ಯಾರೋ ಕೈಯಾರೆ ಬರೆದು ಲಿಫ್ಟಿಗೆ ಕಲಿಸಿದ್ದರು. ಯಾರೋ ಏನು ಬಂತು, ಮ. ಕೊ. ಎಂದರೆ ಮಹಾಂತೇಶ ಕೊಪ್ಪದ. ಆ ಸಹಿಯನ್ನು ಅವಳು ರೇಷನ್ ಚೀಟಿಯಿಂದ ಹಿಡಿದು ಮಗಳ ಲಗ್ನಪತ್ರಿಕೆಯ ತನಕ ನೋಡಿದ್ದಾಳೆ. ಉಳಿದವರಿಗೆಲ್ಲ ಎಂಟು ಸೆಕೆಂಡು, ಹತ್ತು ಸೆಕೆಂಡು, ಕೋಲು ಊರುವವರಿಗೆ ಹದಿನೈದು. ಆರನೆಯ ಮಹಡಿಯವಳಿಗೆ ನಲವತ್ತು. ಅದೂ ಬೆಲ್ಲದ ಪಾಕ ಸುರಿದ ಅದೇ ವರ್ಷ. ಸಂಜೆ ನಾಲ್ಕೂ ನಲವತ್ತು ಯಾಕೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಸಂಜೆ ಪಾಳಿಗೆ ಅವಳು ಮನೆಯ ಬಾಗಿಲು ದಾಟುತ್ತಿದ್ದ ಹೊತ್ತೇ ಅದು. ತಾನು ಅತ್ತ ಹೋದೊಡನೆ ಇತ್ತ ಸುಹಾಸಿನಿಯ ಬಾಗಿಲಿಗೆ ಪಲ್ಲಕ್ಕಿ ಕಳಿಸುವ ಏರ್ಪಾಡು ಎಂದು ಅವಳಿಗೆ ಹೊಳೆಯಿತು, ಹೊಳೆದದ್ದೇ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಅವಳು ಗೋಡೆಯ ಗಡಿಯಾರ ನೋಡುತ್ತ ನಲವತ್ತು ಸೆಕೆಂಡು ಎಣಿಸಿದಳು. ಎಣಿಸಿ ನೋಡಿದರೆ ಅದು ತೀರ ದೊಡ್ಡ ಹೊತ್ತು. ಲಗ್ನವಾದಾಗಿನಿಂದ ಮಹಾಂತೇಶ ತನಗಾಗಿ ಅಷ್ಟು ಹೊತ್ತು ನಿಂತದ್ದು ಅವಳಿಗೆ ನೆನಪಿಲ್ಲ. ದುರ್ಗದ ಬೈಲಿನ ಪೇಟೆಗೆ ಹೋದರೂ ಹತ್ತು ಹೆಜ್ಜೆ ಮುಂದೆಯೇ ನಡೆಯುವ ಗಂಡಸು. ತಾನು ಸೀರೆ ಸರಿಮಾಡಿಕೊಂಡು ಬರುವುದರೊಳಗೆ ರಿಕ್ಷಾದಲ್ಲಿ ಕುಳಿತು ಹಾರ್ನು ಹೊಡೆಸುವವನು. ಅಂಥವನಲ್ಲಿ ನಲವತ್ತು ಸೆಕೆಂಡಿನ ತಾಳ್ಮೆ ಇತ್ತು, ಆದರೆ ಅದು ತನ್ನ ಮನೆಗಿರಲಿಲ್ಲ ಎಂದು ನೆನೆದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಹಾಂತೇಶ ಸಂತೆಯ ಚೀಲ ಹಿಡಿದು ಬಂದಾಗ ಪಟ್ಟಿ ಅಕ್ಕಿಡಬ್ಬಿಯ ಹಿಂದೆ ಸೇರಿತ್ತು. ತೋರಿಸುವ ಹಾಗಿರಲಿಲ್ಲ, ಸಹಿ ಮಾಡಿದ್ದಳು. ಆದರೆ ಕೇಳಬಾರದು ಎಂದು ಕಾನೂನಿನಲ್ಲಿ ಇರಲಿಲ್ಲ.

"ಏನ್ರಿ, ಮೊದಲೆಲ್ಲ ನಾ ಡ್ಯೂಟಿಗೆ ಹೋದ ಮ್ಯಾಲೆ ನೀವು ಏನ್ ಮಾಡತಿದ್ರಿ?"

"ಯಾವಾಗ?"

"ಸಂಜಿ ಮುಂದ. ರಜಾ ಇದ್ದ ದಿನ."

"ಚಹಾ ಕುಡೀತಿದ್ದೆ."

"ಎಲ್ಲಿ?"

"ಮನ್ಯಾಗ. ಮತ್ತೆಲ್ಲಿ ಕುಡೀಲಿ?"

"ಯಾರ ಕೂಡ?"

ಮಹಾಂತೇಶ ಮೆಂತ್ಯದ ಸೂಡು ಬಿಚ್ಚುತ್ತ ಯೋಚನೆ ಮಾಡಿದ. "ಬಿಸ್ಕೀಟಿನ ಕೂಡ" ಎಂದ.

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಅಂದು, ಮಾತು ತಿರುಗಿಸುವುದರಲ್ಲಿ ಎಷ್ಟು ಪಳಗಿದ್ದಾನೆ ನೋಡು ಎಂದುಕೊಂಡು ಒಳಗೆ ಹೋದಳು.

ಅದೇ ವಾರ ಸಂಘದ ಕೆಲಸಕ್ಕೆ ಹತ್ತನೆಯ ಮಹಡಿಗೆ ಹೋಗುವಾಗ ಲಿಫ್ಟಿನಲ್ಲಿ ಸುಹಾಸಿನಿ ಸಿಕ್ಕಳು. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲು ಬೇನೆ, ಆದರೂ ಇಸ್ತ್ರಿ ಮಾಡಿದ ಹತ್ತಿ ಸೀರೆ. "ನಾಲ್ಕನೆಯ ಮಹಡಿ" ಎಂದು ಮೇಲಿನಿಂದ ಅವಳದೇ ದನಿ ಹೇಳುತ್ತಿದ್ದಾಗ, ಕೆಳಗೆ ಅವಳು ತಾನೇ ಕೇಳಿದಳು: "ಕಸ್ತೂರಿಯವರೇ, ಹೊಸ ಲಿಫ್ಟಿನಲ್ಲೂ ನನ್ನ ದನಿಯೇ ಇರುತ್ತದೆಯೆ? ಸುಮ್ಮನೆ ಕೇಳಿದೆ. ಈಗ ಆ ದನಿ ನನಗಿಲ್ಲ ನೋಡಿ, ಅದೊಂದೇ ಕಡೆ ಉಳಿದಿದೆ."

"ಇರ್ತೈತ್ರಿ. ದನಿಗೆ ಫೀ ಇಲ್ಲಂತ" ಎಂದಳು ಕಸ್ತೂರಿ. ಫೀ ಇದ್ದಿದ್ದರೆ ಅದನ್ನೇ ಮೊದಲು ಕಡಿಯುತ್ತಿದ್ದೆ ಎಂಬುದನ್ನು ನುಂಗಿಕೊಂಡಳು. ಸುಹಾಸಿನಿ ಇಳಿದು ಹೋಗುವಾಗ ಬಾಗಿಲು ಅವಳಿಗಾಗಿ ತುಸು ಹೆಚ್ಚೇ ಹೊತ್ತು ತೆರೆದಿತ್ತು. ಕಸ್ತೂರಿ ಅದನ್ನೂ ನೋಡಿದಳು, ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಅಂದು ರಾತ್ರಿಯೂಟಕ್ಕೆ ಮುಂಚೆಯೇ ಅವಳು ಮೂವತ್ತೊಂದರ ಮೇಲೆ ಕೆಂಪು ಗೆರೆ ಎಳೆದಳು. ಒಂದು ಸಲ ಎಳೆದು ಸಮಾಧಾನವಾಗದೆ ಇನ್ನೊಂದು ಸಲ ಎಳೆದಳು. ಕಾರಣದ ಕಾಲಮ್ಮಿನಲ್ಲಿ 'ದಿನಕ್ಕೆ ನಲವತ್ತು ಸೆಕೆಂಡು ವ್ಯರ್ಥ' ಎಂದು ಬರೆದಳು. ಉಳಿದ ನಲವತ್ತೆರಡನ್ನು ಅವಳು ನ್ಯಾಯವಾಗಿಯೇ ಕಡಿದಳು ಎಂದು ಇಲ್ಲಿ ಹೇಳಲೇಬೇಕು. ಕೋಲು ಊರುವವರದು, ಶಾಲೆಯ ಮಕ್ಕಳದು, ಆಸ್ಪತ್ರೆಗೆ ಹೋಗಿಬರುವ ಹೊತ್ತಿನದು, ಹದಿನೈದು ಸೆಕೆಂಡು ಕಾಯುವ ಯಾವುದನ್ನೂ ಅವಳು ಮುಟ್ಟಲಿಲ್ಲ. ಭಾನುವಾರದ ಸಭೆಯಲ್ಲಿ ಯೋಜನೆ ಒಂದೂ ಎದುರುಮಾತಿಲ್ಲದೆ ಪಾಸಾಯಿತು. ಅಧ್ಯಕ್ಷರು ಶಾಲು ಹೊದಿಸಿದರು.

ಸೋಮವಾರ ಉಳಿದ ಇಪ್ಪತ್ನಾಲ್ಕರ ಪಟ್ಟಿ ಕೆಳಗಿನ ಬೋರ್ಡಿಗೆ ಬಂತು. ಮಹಾಂತೇಶ ಕನ್ನಡಕ ಹಾಕಿಕೊಂಡು ಇಳಿದು ಹೋದ. ಬರುವುದು ತಡವಾಯಿತು. ಬಂದು ಊಟಕ್ಕೆ ಕುಳಿತು ಅರ್ಧ ರೊಟ್ಟಿ ಬಿಟ್ಟ.

"ಎಲ್ಲಾ ವಿಚಾರ ಮಾಡೇ ತಗದೀಯಲ್ಲ?" ಎಂದು ಕೇಳಿದ.

"ಹೂಂ. ವಿಚಾರ ಮಾಡೇ ತಗದೀನಿ."

"ಹಂಗಾದ್ರ ಸರಿ."

ಅಷ್ಟೇ. ಆಮೇಲೆ ಅವನು ಆ ಮಾತು ಎತ್ತಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಗ್ಯಾಲರಿಯಲ್ಲಿ ಕುಳಿತು ಕೆರೆ ನೋಡುತ್ತಿದ್ದ. ನೋಡು, ಯಾರಿಗೋಸ್ಕರ ಮುಖ ಬಾಡಿಸಿಕೊಂಡು ಕೂತಿದ್ದಾನೆ ನೋಡು ಎಂದು ಕಸ್ತೂರಿಯ ಒಳಗಿನ ಬೆಂಕಿಗೆ ತುಪ್ಪ ಬಿತ್ತು. ಹೊಟ್ಟೆಕಿಚ್ಚಿಗೆ ಸಾಕ್ಷಿ ಸಿಕ್ಕರೆ ಸುಖವಾಗಬೇಕು, ಅವಳಿಗೆ ಸುಖವೂ ಆಗಲಿಲ್ಲ. ಕೊನೆಗೆ ತನ್ನ ಅನುಮಾನ ಸುಳ್ಳಾಗಲಿ ಎಂದೇ ಅವಳು ಒಳಗೊಳಗೆ ಬೇಡಿಕೊಳ್ಳುತ್ತಿದ್ದಳು.

ಗುರುವಾರ ಹಳೆಯ ಮಿದುಳನ್ನು ಅಳಿಸಿ ಇಳಿಸಿದರು. ಒಂಬತ್ತು ದಿನ ಲಿಫ್ಟು ಬಂದ್. ಕೆರೆನೋಟದವರು ಮೆಟ್ಟಿಲು ಕಂಡರು. ಮೇಲಿನವರು ತರಕಾರಿಯವನಿಗೆ ಹಗ್ಗದ ಬುಟ್ಟಿ ಇಳಿಬಿಟ್ಟರು, ಎಂಟನೆಯ ಮಹಡಿಯ ಅಜ್ಜಿಯೊಬ್ಬಳು ಮಗಳ ಮನೆಗೆ ಹೋಗಿಬಿಟ್ಟಳು, ದಿನಾ ಎರಡು ಸಲ ಇಳಿಯುತ್ತಿದ್ದವರು ಎಲ್ಲ ಕೆಲಸವನ್ನೂ ಒಂದೇ ಸಲಕ್ಕೆ ಕಟ್ಟಿಕೊಂಡರು. ಸುಹಾಸಿನಿ ಔಷಧ ತರಲು ಇಳಿದವಳು ಏರುವಾಗ ಮೂರನೆಯ ಮಹಡಿಯಲ್ಲಿ ಕಟಾಂಜನ ಹಿಡಿದು ನಿಂತುಬಿಟ್ಟಳು. ಬಾಗಿಲ ಸಂದಿಯಲ್ಲಿ ಅದನ್ನು ನೋಡಿದ ಕಸ್ತೂರಿ ಸದ್ದಾಗದಂತೆ ಬಾಗಿಲು ಹಾಕಿಕೊಂಡಳು. ಮಹಾಂತೇಶ ಎದ್ದು ಬಂದು, ಅದೇ ಬಾಗಿಲು ತೆರೆದು, ಒಂದು ಕುರ್ಚಿ, ಒಂದು ಲೋಟ ನೀರು ಹೊರಗಿಟ್ಟ. ಆ ದಿನದ ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು.

ಲಿಫ್ಟು ಶುರುವಾಗುವ ದಿನ ಬೆಳಿಗ್ಗೆ ಕಸ್ತೂರಿ ಕೊನೆಯ ಸಹಿ ಹಾಕಲು ಗೋಕುಲ ರಸ್ತೆಗೆ ಹೋದಳು. ಝೀನತ್ ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದಳು. ಅಕ್ಕಪಕ್ಕದ ಇಬ್ಬರು ಇಂಜಿನಿಯರುಗಳು ತಲೆ ಎತ್ತಿ ನೋಡಿದರು.

"ಇವರ ನೋಡ್ರಿ ಅವರು" ಎಂದಳು ಝೀನತ್ ಅವರಿಗೆ. ಮತ್ತೆ ಇತ್ತ ತಿರುಗಿ, "ಮೇಡಂ, ನಿಮ್ಮ ಪಟ್ಟಿ ನಾವು ಆಫೀಸಿನಾಗ ಎಲ್ಲಾರಿಗೂ ತೋರಿಸೀವಿ. ಆರು ವರ್ಷದಿಂದ ಈ ಕೆಲಸ ಮಾಡ್ಲಿಕತ್ತೀನಿ. ಪಟ್ಟಿ ಯಾರ ಕೈಗೆ ಹೋಗ್ತೈತೋ ಅವರು ತಮ್ಮ ಮನೀದು ಮೊದಲ ಉಳಿಸ್ಕೋತಾರ. ತಮ್ಮ ಮಹಡಿಗೆ ಇದ್ದ ಅಷ್ಟು ಚೊಲೊ ರೂಢಿ ತಾವ ಕಡಿದವರು ನೀವೊಬ್ಬರ. ದೊಡ್ಡ ಮನಸ್ಸು ನಿಮ್ಮದು."

"ನಮ್ಮ ಮಹಡಿದು ಯಾವದು?" ಎಂದಳು ಕಸ್ತೂರಿ.

"ಮೂವತ್ತೊಂದು. ನಲವತ್ತು ಸೆಕೆಂಡಿಂದು."

"ಅದು ಆರನೇ ಮಹಡೀದು."

"ಅಲ್ರಿ. ನಿಲುಗಡೆ ಆರು." ಝೀನತ್ ಏನೂ ಅನುಮಾನವಿಲ್ಲದೆ ಬೆರಳು ಮಡಿಸಿದಳು. "ಸ್ಕೂಟರ್ ಪಾರ್ಕಿಂಗು ಒಂದು. ಕಾರ್ ಪಾರ್ಕಿಂಗು ಎರಡು. ನೆಲಮಾಳಿಗಿ ಎಲ್ಲಾ ಮುಗದು ಗೇಟಿನ ಮಟ್ಟ ಮೂರು. ಮೊದಲನೇ ಮಹಡಿ ನಾಲ್ಕು, ಎರಡನೇದು ಐದು, ಮೂರನೇದು ಆರು. ಲಿಫ್ಟು ತಳದಿಂದ ಎಣಸ್ತೈತ್ರಿ. ಅದಕ್ಕ ಮಹಡಿ ಅಂದ್ರ ಏನಂತ ಗೊತ್ತಿಲ್ಲ, ನಿಲ್ಲೂದು ಅಷ್ಟ ಗೊತ್ತು."

ಕಸ್ತೂರಿ ಚಹಾದ ಕಪ್ಪು ಕೆಳಗಿಟ್ಟು ತಾನೂ ತಳದಿಂದ ಎಣಿಸಿದಳು. ನಿ. ೭ ನಾಲ್ಕನೆಯ ಮಹಡಿ, ಬೆಳಗಿನ ಐದೂ ಇಪ್ಪತ್ತಕ್ಕೆ ಇಳಿಯುವವರು ವಾಕಿಂಗಿಗೆ ಹೋಗುವ ಪಿ.ಟಿ. ಮಾಸ್ತರು. ನಿ. ೩ರ ಇಪ್ಪತ್ತು ಸಾಲು ಕುಲಕರ್ಣಿಯವರದಲ್ಲ, ಗೇಟಿನಿಂದ ಒಳ ಬರುವ ಇಡೀ ಕಟ್ಟಡದವರದು. ಮೇಲಿನ ಮೂರು ಮಹಡಿಯಲ್ಲಿ ಆಗಾಗ ಬದಲಾಗುವ ಬಾಡಿಗೆಯವರು, ಅವರ ರೂಢಿ ಲಿಫ್ಟಿಗೆ ಹತ್ತಿರಲಿಲ್ಲ, ಅದಕ್ಕೇ ಪಟ್ಟಿ ಹನ್ನೊಂದಕ್ಕೆ ಮುಗಿದು ಅವಳಿಗೆ ಸರಿಯಾಗಿಯೇ ಕಂಡಿತ್ತು. ನಾಲ್ಕೂ ನಲವತ್ತಕ್ಕೆ ತಾನು ಬಾಗಿಲು ದಾಟುತ್ತಿದ್ದದ್ದು ಅವಳಿಗೆ ಈಗ ಬೇರೆಯದೇ ರೀತಿಯಲ್ಲಿ ನೆನಪಾಯಿತು. ೨೦೩೬. ಅವಳನ್ನು ಸಂಜೆ ಪಾಳಿಗೆ ಹಾಕಿದ ವರ್ಷ. ಮಗಳಿಗೆ ತಿನ್ನಲು ಕೊಟ್ಟು, ಡಬ್ಬಿ ಕಟ್ಟಿ, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಒಳಗೆ ಓಡಿ ನೋಡಿ ಬರುವಷ್ಟರಲ್ಲಿ ಲಿಫ್ಟು ಹೋಗಿರುತ್ತಿತ್ತು, ನಾಲ್ಕೂ ಐವತ್ತರ ಬಸ್ಸೂ ಹೋಗಿರುತ್ತಿತ್ತು. ತಡವಾಗಿ ಬಂದದ್ದಕ್ಕೆ ಮೆಮೊ ಕೊಟ್ಟಿದ್ದರು. ಅದನ್ನು ಹಿಡಿದು ಅವಳು ಮನೆಯಲ್ಲಿ ಒಂದು ಸಂಜೆ ಅತ್ತಿದ್ದಳು. ಆಮೇಲೆ ಯಾಕೋ ಬಸ್ಸು ತಪ್ಪಲೇ ಇಲ್ಲ. ತನ್ನ ಕಾಲ್ಗುಣ ಚಲೋ ಐತಿ, ತಾ ಹೊರಗ ಬಂದ್ರ ಲಿಫ್ಟು ತಾನ ಬಂದು ನಿಂತಿರ್ತೈತಿ ಎಂದು ಆಫೀಸಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದಳು. ನಿವೃತ್ತಳಾಗಿ ಅವಳು ಹೋಗುವುದು ನಿಂತ ಮೇಲೂ ಅದು ನಾಲ್ಕು ವರ್ಷ ದಿನಾ ಬಂದು ನಿಂತು ಹೋಗುತ್ತಿತ್ತು. ಅದಕ್ಕೆ ಅರಳುಮರಳು ಎಂದು ದೂರು ಕೊಟ್ಟವಳೂ ಅವಳೇ.

"ಅದನ್ನ ತಿರುಗಿ ಹಾಕಾಕ ಬರ್ತೈತೇನು?" ಎಂದು ಕೇಳಿದಳು.

ಝೀನತ್‌ಗೆ ಈಗ ಅವಳ ಮುಖ ಕಂಡಿತು. "ಇಲ್ರಿ ಮೇಡಂ. ಅಳಿಸಿದ್ವಿ" ಎಂದಳು ಮೆಲ್ಲಗೆ.

ಮನೆಗೆ ಬಂದಾಗ ಮಹಾಂತೇಶ ಗ್ಯಾಲರಿಯಲ್ಲಿ ಕುಳಿತು ಹಳೆಯ ಸ್ಪ್ಯಾನರು ಒರೆಸುತ್ತಿದ್ದ. ಕಸ್ತೂರಿ ಚಪ್ಪಲಿಯನ್ನೂ ಬಿಡದೆ ಅವನ ಎದುರು ನಿಂತಳು.

"ನಾಲ್ಕು ನಲವತ್ತರದು ನನಗಂತ ಬರದದ್ದು ಅಂತ ಯಾಕ ಹೇಳಲಿಲ್ಲ?"

ಅವನು ತಲೆ ಎತ್ತಲಿಲ್ಲ. "ಮೆಕ್ಯಾನಿಕ್ಕು ತನ್ನ ಹೇಂತಿಗೆ ಲಿಫ್ಟು ನಿಲ್ಲಿಸಿದಾ ಅಂದ್ರ ನೌಕರಿ ಹೋಗತಿತ್ತು. ನಿನಗ ಹೇಳಿದ್ರ ಇಡೀ ಓಣಿಗೆ ಹೇಳತಿದ್ದಿ." ಸ್ಪ್ಯಾನರು ಪಕ್ಕಕ್ಕಿಟ್ಟ. "ಬೋರ್ಡಿನಾಗ ಅದು ಇರಲಿಲ್ಲ. ಅಕ್ಷರ ನೋಡಿ ನಂದಂತ ಗುರುತಾಗೇ ಇರ್ತೈತಿ, ಇನ್ಯಾಕ ಬೇಕದು ಅಂತ ತಗದಿರಬೇಕು ಅಂದ್ಕೊಂಡೆ. ಖರೇನ ಐತಲ್ಲ, ಈಗ ನೀ ಎಲ್ಲಿಗೂ ಹೋಗೂದಿಲ್ಲ."

ಆ ಮಾತು ಅವಳಿಗೆ ಪೆಟ್ಟಿನಂತೆ ಬಿತ್ತು. ಅರ್ಧ ಬಿಟ್ಟ ರೊಟ್ಟಿ, ಕೆರೆ ನೋಡುತ್ತ ಕುಳಿತ ಸಂಜೆಗಳು, ಎಲ್ಲವೂ ತನ್ನಿಂದಲೇ ಆದದ್ದು.

"ಆರನೇ ಮಹಡೀದು ಅಂತ ತಿಳದಿದ್ದೆ" ಎಂದಳು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದಳು. "ಅಕಿಗೋಸ್ಕರ ಬರದೀರಿ ಅಂತ ತಿಳದೆ. ಹೊಟ್ಟಿಕಿಚ್ಚಿಲೆ ಕಡದೀನಿ. ಎರಡು ಸಲ ಗೆರಿ ಎಳದೀನಿ."

ಮಹಾಂತೇಶ ಅವಳನ್ನು ನೋಡಿದ. ಆಮೇಲೆ ಬೆರಳು ಮಡಿಸಿ ಸ್ಕೂಟರ್ ಪಾರ್ಕಿಂಗಿನಿಂದ ಎಣಿಸತೊಡಗಿದ. ಆರಕ್ಕೆ ಬಂದಾಗ ನಗು ಒತ್ತರಿಸಿಕೊಂಡು ಬಂತು. ನಕ್ಕ, ಕೆಮ್ಮಿದ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಒರೆಸಿದ ಮೇಲೂ ಸ್ವಲ್ಪ ಹೊತ್ತು ಕನ್ನಡಕ ಹಾಕಿಕೊಳ್ಳಲಿಲ್ಲ.

"ಇಪ್ಪತ್ಮೂರು ವರ್ಷ ಬೆಲ್ಲದ ಪಾಕ ಇಟ್ಕೊಂಡು ಕುಂತಿದ್ದಿಯೇನ?"

"ನೀವ ಅಂದದ್ದು."

"ದನೀಗೆ ಅಂದೆ. ಅಕಿಗೆ ಅಂದಿಲ್ಲ."

"ನನ್ನ ದನಿಗೆ ಏನೂ ಅಂದಿಲ್ಲಲ್ಲ" ಎಂದಳು ಕಸ್ತೂರಿ.

ಸಂಜೆ ಹೊಸ ಲಿಫ್ಟು ಶುರುವಾಯಿತು. ನಾಲ್ಕೂವರೆಗೆ ಕಸ್ತೂರಿ ಒಲೆಯ ಮೇಲೆ ಚಹಾಕ್ಕೆ ನೀರಿಡಲಿಲ್ಲ. ಸೀರೆ ಬದಲಿಸಿ, ಹಳೆಯ ಡ್ಯೂಟಿ ಚೀಲ ಹುಡುಕಿ ಹೆಗಲಿಗೆ ಹಾಕಿಕೊಂಡಳು.

"ಏಳ್ರಿ, ಹೋಗೂಣು" ಎಂದಳು.

"ಎಲ್ಲಿಗೆ?"

"ಬಸ್ ಸ್ಟಾಪಿಗೆ. ಹೋಗಿ ಕುಂತು ಬರೂದು. ನೂರು ದಿನ ಹೋದ್ರ ಇದೂ ಕಲೀತೈತಂತ."

ನಾಲ್ಕೂ ನಲವತ್ತಕ್ಕೆ ಅವಳು ಲಿಫ್ಟಿನ ಮುಂದೆ ನಿಂತಳು. ಬಾಗಿಲು ತಾನಾಗಿ ತೆರೆಯಲಿಲ್ಲ. ಗುಂಡಿ ಒತ್ತಬೇಕಾಯಿತು. ಗಾಜಿನ ಕಿಂಡಿಯ ಮುಂದೆಯೇ ಲಿಫ್ಟು ಅವಳನ್ನು ದಾಟಿ ಮೇಲೆ ಹೋಯಿತು, ಮೇಲಿನ ಅಂಕಿ ಒಂದೊಂದಾಗಿ ಏರಿ ಆರರಲ್ಲಿ ನಿಂತಿತು. ಅಲ್ಲಿ ಹದಿನೈದು ಸೆಕೆಂಡು ಕಾಯಿತು. ಪಟ್ಟಿಯಲ್ಲಿ ನಿ. ೯ ಎಂದಿದ್ದ ಆ ಸಂಜೆಯ ರೂಢಿಯನ್ನು ಕೋಲು ಊರುವವರದೆಂದು ಕಸ್ತೂರಿ ತಾನೇ ಉಳಿಸಿದ್ದಳು, ಯಾರದೆಂದು ತಿಳಿಯದೆ. ಹೊಟ್ಟೆಯೊಳಗೆ ಹಳೆಯ ಉರಿ ಒಂದು ಸಲ ಎದ್ದು ಹೊರಳಿ ಮಲಗಿತು.

ಲಿಫ್ಟು ಇಳಿದು ಬಂತು. "ಮೂರನೆಯ ಮಹಡಿ" ಎಂದಿತು ಸುಹಾಸಿನಿಯ ದನಿ. ಒಳಗೆ ಸುಹಾಸಿನಿಯೇ ಇದ್ದಳು, ನಕ್ಕು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಕಸ್ತೂರಿ ಹಿಂದೆ ತಿರುಗಿ ನೋಡಿದಳು. ಮಹಾಂತೇಶ ಇನ್ನೂ ಹೊಸ್ತಿಲಲ್ಲಿ ಬಗ್ಗಿ ಒಂದು ಚಪ್ಪಲಿ ಹುಡುಕುತ್ತಿದ್ದ. ಐದನೆಯ ಸೆಕೆಂಡಿಗೆ ಬಾಗಿಲು ಮುಚ್ಚತೊಡಗಿತು. ಅವಳು ಕಾಲು ಅಡ್ಡ ಇಟ್ಟಳು. ಬಾಗಿಲು ಅವಳ ಕಾಲಿಗೆ ತಾಗಿ ಹಿಂದೆ ಸರಿಯಿತು.

"ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ" ಎಂದಿತು ದನಿ.

"ನಿಲ್ಲತೀನಿ" ಎಂದಳು ಕಸ್ತೂರಿ ಮೇಲೆ ನೋಡಿ. "ನಲವತ್ತು ಸೆಕೆಂಡು ನಿಲ್ಲತೀನಿ. ನಮ್ಮವರು ಬರೂದು ಐತಿ."